ತಲೆಸ್ನಾನದ ನಂತರ ಕೂದಲು ಒಣಗಲು ಎಷ್ಟು ಹೊತ್ತು ಬೇಕು? ವಾಸ್ಕೋದ ಮಳೆಗಾಲ ಮತ್ತು ಕೂದಲಿನ ಗುಣ

ಗೋವಾದ ವಾಸ್ಕೋ ನಗರದಲ್ಲಿ ಕನ್ನಡ ಮಾತನಾಡುವ ಕುಟುಂಬಗಳು ಸಾಕಷ್ಟಿವೆ. 1880ರ ದಶಕದಲ್ಲಿ ಮರ್ಮಗೋವಾ ಬಂದರಿನಿಂದ ಘಟ್ಟದ ಮೇಲಿನ ಕ್ಯಾಸಲ್ ರಾಕ್, ಲೋಂಡಾ ಕಡೆಗೆ ರೈಲು ಹಳಿ ಬಿದ್ದ ಮೇಲೆ ಹುಬ್ಬಳ್ಳಿ ಸೀಮೆಗೂ ಈ ಊರಿಗೂ ನೇರ ನಂಟು ಬೆಳೆಯಿತು. ವಾಸ್ಕೋ ರೈಲು ನಿಲ್ದಾಣ ಇವತ್ತಿಗೂ ನೈಋತ್ಯ ರೈಲ್ವೆಯ ಹುಬ್ಬಳ್ಳಿ ವಿಭಾಗಕ್ಕೇ ಸೇರಿದೆ. ಬಂದರು, ಹಡಗು ಕಟ್ಟೆ, ಕಟ್ಟಡ ಕೆಲಸ, ಸಣ್ಣಪುಟ್ಟ ವ್ಯಾಪಾರ ಅಂತ ಬಾಗಲಕೋಟೆ, ವಿಜಯಪುರ, ಗದಗ, ಕೊಪ್ಪಳದ ಕಡೆಯವರು ಬೈನಾ, ಝುವಾರಿನಗರ ಮುಂತಾದ ಕಡೆ ನೆಲೆಸಿದ್ದಾರೆ. ಕರಾವಳಿಯಿಂದ ಹೋದವರೂ ಇದ್ದಾರೆ.

ಬಯಲುಸೀಮೆಯಿಂದ ಕಡಲ ತೀರಕ್ಕೆ ಬಂದ ಹೆಣ್ಣುಮಕ್ಕಳಿಗೆ ಮೊದಲ ಮಳೆಗಾಲದಲ್ಲೇ ಅನುಭವಕ್ಕೆ ಬರುವ ಒಂದು ಸಂಗತಿ ಇದೆ. ಊರಲ್ಲಿ ಅಂಗಳದಲ್ಲಿ ಅರ್ಧ ಗಂಟೆ ಕೂತರೆ ಒಣಗುತ್ತಿದ್ದ ತಲೆ, ಇಲ್ಲಿ ಸಾಯಂಕಾಲವಾದರೂ ಒಣಗೋದಿಲ್ಲ. ಅದೇ ಮನೆಯಲ್ಲಿ ಅಕ್ಕನ ಕೂದಲು ಮಧ್ಯಾಹ್ನಕ್ಕೇ ಒಣಗಿದರೆ ತಂಗಿಯ ಕೂದಲು ರಾತ್ರಿ ಮಲಗುವಾಗಲೂ ಒದ್ದೆ. ನೀರು ಒಂದೇ, ಶಾಂಪೂ ಒಂದೇ, ಗಾಳಿ ಒಂದೇ. ಹಾಗಾದರೆ ಈ ವ್ಯತ್ಯಾಸ ಎಲ್ಲಿಂದ ಬಂತು?

ಇದು ಬರೀ ಅಂದಚೆಂದದ ಪ್ರಶ್ನೆಯಲ್ಲ. ಒದ್ದೆ ತಲೆಯಲ್ಲೇ ಜಡೆ ಹಾಕಿ, ಮೇಲೆ ಸ್ಕಾರ್ಫ್ ಕಟ್ಟಿ ಶಾಲೆಗೆ ಹೊರಡುವ ಹುಡುಗಿಯರಿಗೆ, ಹೆಲ್ಮೆಟ್ ಹಾಕಿ ಕೆಲಸಕ್ಕೆ ಓಡುವವರಿಗೆ, ಬಾಣಂತಿಯರಿಗೆ ಇದು ಆರೋಗ್ಯದ ವಿಷಯವೂ ಹೌದು.

ಕೂದಲ ಮೇಲ್ಮೈ: ಹೆಂಚಿನ ಮಾಡಿನ ಹಾಗೆ

ಕೂದಲು ಕೆರಾಟಿನ್ ಎಂಬ ಪ್ರೋಟೀನಿನಿಂದ ಆದದ್ದು. ಉಗುರು ಕೂಡ ಇದೇ ಜಾತಿಯ ಪ್ರೋಟೀನ್. ಒಂದು ಎಳೆಯ ದಪ್ಪ ಸಾಮಾನ್ಯವಾಗಿ 50ರಿಂದ 100 ಮೈಕ್ರಾನ್, ಅಂದರೆ ಒಂದು ಮಿಲಿಮೀಟರಿನ ಇಪ್ಪತ್ತನೇ ಒಂದು ಪಾಲಿನಿಂದ ಹತ್ತನೇ ಒಂದು ಪಾಲು. ಎಳೆಯ ಹೊಟ್ಟೆಯಲ್ಲಿರುವುದು ನಾರಿನಂಥ ತಿರುಳು. ಬಲ, ಬಣ್ಣ ಎರಡೂ ಅದರಲ್ಲೇ ಇವೆ. ತಿರುಳಿನ ಸುತ್ತ ತೆಳ್ಳಗಿನ ಪಾರದರ್ಶಕ ಹೊರಪದರಗಳಿವೆ. ಒಂದರ ಮೇಲೊಂದು ಐದರಿಂದ ಹತ್ತು ಪದರ ಇರಬಹುದು.

ಈ ಹೊರಪದರಗಳು ಕೂತಿರುವ ರೀತಿ ಮಂಗಳೂರು ಹೆಂಚಿನ ಮಾಡಿನ ಹಾಗೆ. ಮೇಲಿನ ಹೆಂಚಿನ ಅಂಚು ಕೆಳಗಿನ ಹೆಂಚನ್ನು ಮುಚ್ಚುವಂತೆ, ಬುಡದಿಂದ ತುದಿಯ ಕಡೆಗೆ ಇಳಿಜಾರಾಗಿ ಜೋಡಣೆಯಾಗಿವೆ. ಹೆಂಚು ಸರಿಯಾಗಿದ್ದರೆ ಎಷ್ಟು ಮಳೆ ಬಂದರೂ ನೀರು ಜಾರಿ ಹೋಗುತ್ತದೆ. ಒಡೆದರೆ, ಸರಿದರೆ ಮನೆಯೊಳಗೆ ಸೋರುತ್ತದೆ. ಕೂದಲಿನ ಕತೆಯೂ ಅಷ್ಟೇ.

ಆರೋಗ್ಯವಂತ ಕೂದಲಿನ ಹೊರಮೈಯಲ್ಲಿ ಹುಟ್ಟಿನಿಂದಲೇ ಬಂದ ತೆಳುವಾದ ಕೊಬ್ಬಿನ ಲೇಪವೊಂದಿದೆ. ಇದು ನಾವು ಹಚ್ಚುವ ಎಣ್ಣೆಯಲ್ಲ, ಪ್ರೋಟೀನಿಗೆ ರಾಸಾಯನಿಕವಾಗಿ ಅಂಟಿಕೊಂಡಿರುವ ಕೊಬ್ಬು. ಕೆಸುವಿನ ಎಲೆಯ ಮೇಲೆ ನೀರು ಮುತ್ತಾಗಿ ಉರುಳುವಂತೆ, ಈ ಲೇಪ ಇರುವ ಕೂದಲ ಮೇಲೂ ನೀರು ಹರಡದೆ ಹನಿಹನಿಯಾಗಿ ನಿಲ್ಲುತ್ತದೆ. ಬೈರಾಸಿನಿಂದ ಒತ್ತಿದ ಕೂಡಲೇ ಆ ಹನಿಗಳು ಹೊರಟುಹೋಗುತ್ತವೆ.

ನೀರು ನಿಲ್ಲುವುದು ಎರಡು ಕಡೆ

ತಲೆಸ್ನಾನ ಮಾಡಿ ಎದ್ದಾಗ ಕೂದಲಲ್ಲಿರುವ ನೀರನ್ನು ಎರಡು ಪಾಲು ಮಾಡಬಹುದು.

ಮೊದಲನೆಯದು ಎಳೆಗಳ ಮೇಲೆ ಮತ್ತು ಎಳೆ ಎಳೆಗಳ ನಡುವೆ ಸಿಕ್ಕಿಕೊಂಡ ನೀರು. ದೀಪದ ಬತ್ತಿ ಎಣ್ಣೆಯನ್ನು ಹೀರಿ ಹಿಡಿಯುವ ಹಾಗೆ, ಒತ್ತಾಗಿ ಕೂತ ಎಳೆಗಳ ಸಂದಿಯಲ್ಲಿ ನೀರು ನಿಲ್ಲುತ್ತದೆ. ತಲೆ ಒರೆಸಿದಾಗ ಹೋಗುವುದು ಈ ನೀರು.

ಎರಡನೆಯದು ಎಳೆಯ ಒಳಗೆ, ತಿರುಳಿಗೆ ಇಳಿದ ನೀರು. ಒಳ್ಳೆಯ ಸ್ಥಿತಿಯಲ್ಲಿರುವ ಕೂದಲು ತನ್ನ ತೂಕದ ಸುಮಾರು ಶೇ. 30ರಷ್ಟು ನೀರನ್ನು ಒಳಗೆ ಎಳೆದುಕೊಳ್ಳಬಲ್ಲದು. ಆಗ ಎಳೆಯ ದಪ್ಪ ಶೇ. 15ರ ಆಸುಪಾಸು ಹೆಚ್ಚುತ್ತದೆ. ಉದ್ದ ಮಾತ್ರ ಶೇ. 1ರಿಂದ 2ರಷ್ಟು ಹೆಚ್ಚುತ್ತದೆ. ಈ ನೀರು ಬೈರಾಸಿಗೆ ಸಿಗುವುದಿಲ್ಲ. ಎಷ್ಟು ಹಿಂಡಿದರೂ ಬರುವುದಿಲ್ಲ. ಅದು ಆವಿಯಾಗಿಯೇ ಹೋಗಬೇಕು.

ಹೀಗಾಗಿ ಕೂದಲು ಒಣಗುವುದು ಎರಡು ಹಂತದಲ್ಲಿ. ಹೊರಗಿನ ನೀರು ಇರುವ ತನಕ ಒಣಗುವ ವೇಗ ಹೆಚ್ಚುಕಡಿಮೆ ಒಂದೇ ಸಮ ಇರುತ್ತದೆ. ಅದು ಮುಗಿದ ಮೇಲೆ ಒಳಗಿನ ನೀರು ಒಂದೊಂದೇ ಕಣವಾಗಿ ಹೊರಗೆ ಬರಬೇಕಾದ್ದರಿಂದ ವೇಗ ಇಳಿಯುತ್ತಾ ಹೋಗುತ್ತದೆ. ಮುಕ್ಕಾಲು ಒಣಗಿದ ತಲೆ ಪೂರ್ತಿ ಒಣಗಲು ಬಹಳ ಹೊತ್ತು ತೆಗೆದುಕೊಳ್ಳೋದು ಇದರಿಂದಲೇ.

ಒಂದು ಸಣ್ಣ ಲೆಕ್ಕ ನೋಡಿ. ಒಬ್ಬರ ಉದ್ದ ಕೂದಲಿನ ತೂಕ 150 ಗ್ರಾಂ ಅಂತಿಟ್ಟುಕೊಳ್ಳೋಣ. ಒಳಗೆ ಇಳಿದ ನೀರೇ ಸುಮಾರು 45 ಗ್ರಾಂ. ಚೆನ್ನಾಗಿ ಒರೆಸಿದ ಮೇಲೂ ಸಂದಿಗಳಲ್ಲಿ ಅಷ್ಟೇ ನೀರು ಉಳಿದಿದೆ ಅಂದುಕೊಂಡರೆ, ಹತ್ತಿರ ಹತ್ತಿರ 100 ಗ್ರಾಂ ಅಂದರೆ ಅರ್ಧ ಲೋಟ ನೀರು ಗಾಳಿಗೆ ಸೇರಬೇಕು. ಸರಿಯಾಗಿ ಒರೆಸದಿದ್ದರೆ ಈ ಲೆಕ್ಕ ಎರಡು ಪಟ್ಟು, ಮೂರು ಪಟ್ಟು ಆಗಬಹುದು.

ದಪ್ಪ, ತೆಳು, ನೇರ, ಗುಂಗುರು

ಜನ "ನನ್ನದು ದಪ್ಪ ಕೂದಲು" ಅಂದಾಗ ಎರಡು ಬೇರೆ ಬೇರೆ ಸಂಗತಿಗಳನ್ನು ಒಂದೇ ಮಾತಲ್ಲಿ ಹೇಳುತ್ತಿರುತ್ತಾರೆ. ಒಂದು, ಪ್ರತಿ ಎಳೆಯ ದಪ್ಪ. ಇನ್ನೊಂದು, ತಲೆಯ ಮೇಲೆ ಎಷ್ಟು ಎಳೆ ಇದೆ ಎಂಬ ಒತ್ತು. ಮನುಷ್ಯರ ತಲೆಯಲ್ಲಿ ಸಾಮಾನ್ಯವಾಗಿ ಒಂದು ಲಕ್ಷದ ಆಸುಪಾಸು ಕೂದಲಿರುತ್ತದೆ, ವ್ಯಕ್ತಿಯಿಂದ ವ್ಯಕ್ತಿಗೆ ಹೆಚ್ಚುಕಡಿಮೆ.

*ಎಳೆಯ ದಪ್ಪ:* ದಪ್ಪ ಎಳೆಯ ಹೊಟ್ಟೆಯಿಂದ ನೀರು ಹೊರಬರಲು ಹೆಚ್ಚು ದೂರ ಸಾಗಬೇಕು. ಎಳೆಯ ದಪ್ಪ ಎರಡು ಪಟ್ಟಾದರೆ ಒಳಗಿನ ನೀರು ಹೊರಬರುವ ಸಮಯ ಸುಮಾರು ನಾಲ್ಕು ಪಟ್ಟಾಗುತ್ತದೆ. ತೆಳು ಎಳೆಗೆ ತೂಕಕ್ಕೆ ಹೋಲಿಸಿದರೆ ಮೈ ಹೆಚ್ಚು. ಆದ್ದರಿಂದ ಅದು ಬೇಗ ಒಣಗಬೇಕು. ಆದರೆ ತೆಳು ಎಳೆಗಳು ಒದ್ದೆಯಾದಾಗ ಒಂದಕ್ಕೊಂದು ಅಂಟಿ ಹಗ್ಗದ ಹಾಗೆ ಆಗಿಬಿಡುತ್ತವೆ. ಬೆರಳಿಂದ ಬಿಡಿಸಿದರೆ ಲಾಭ ಸಿಗುತ್ತದೆ, ಬಿಡಿಸದಿದ್ದರೆ ಇಲ್ಲ.

*ಒತ್ತು:* ಒಣಗುವ ಹೊತ್ತನ್ನು ಎಲ್ಲಕ್ಕಿಂತ ಹೆಚ್ಚು ನಿರ್ಧರಿಸುವ ಸಂಗತಿಗಳಲ್ಲಿ ಇದೊಂದು. ಒತ್ತು ಕೂದಲಿನ ಹೊರಪದರ ಒಣಗಿದ್ದರೂ ಕುತ್ತಿಗೆಯ ಹಿಂದೆ, ಕಿವಿಯ ಹಿಂದೆ, ಬುಡದಲ್ಲಿ ಗಾಳಿ ತಲುಪುವುದಿಲ್ಲ. ಕೈಯಾಡಿಸಿದರೆ ಮೇಲೆ ಒಣಗಿದಂತಿರುತ್ತದೆ. ಬುಡ ಮುಟ್ಟಿದರೆ ತಣ್ಣಗೆ ಒದ್ದೆ.

*ಉದ್ದ:* ಉದ್ದ ಹೆಚ್ಚಿದಷ್ಟು ನೀರೂ ಹೆಚ್ಚು. ಜೊತೆಗೆ ನೀರು ಕೆಳಕ್ಕೆ ಇಳಿಯುವುದರಿಂದ ತುದಿಯಲ್ಲಿ ಶೇಖರವಾಗುತ್ತದೆ.

*ಆಕಾರ:* ನೇರ ಕೂದಲು ಒದ್ದೆಯಾದಾಗ ಚಾಪೆಯಂತೆ ಒಂದರ ಮೇಲೊಂದು ಮಲಗುತ್ತದೆ. ಒಳಗಿನ ಪದರಕ್ಕೆ ಗಾಳಿ ಆಡುವುದಿಲ್ಲ. ಆದರೆ ಬಾಚಿ, ಬಿಡಿಸಿ ಒಣಗಿಸುವುದು ಸುಲಭ. ಗುಂಗುರು ಕೂದಲಿನ ಸುರುಳಿಗಳು ನೀರನ್ನು ಗೊಂಚಲು ಗೊಂಚಲಾಗಿ ಹಿಡಿದಿಟ್ಟುಕೊಳ್ಳುತ್ತವೆ. ನೀರು ಜಾರಿ ಇಳಿಯಲು ನೇರ ದಾರಿ ಇಲ್ಲ. ಅಲ್ಲದೆ ತಲೆಯ ಚರ್ಮದಿಂದ ಬರುವ ಎಣ್ಣೆಯಂಶ ಸುರುಳಿಯ ತುದಿಗೆ ಸುಲಭವಾಗಿ ತಲುಪುವುದಿಲ್ಲ. ಹಾಗಾಗಿ ಗುಂಗುರು ಕೂದಲಿನ ತುದಿ ಬೇಗ ಒರಟಾಗುತ್ತದೆ.

ಹಾನಿಯಾದ ಕೂದಲು ಯಾಕೆ ನೀರು ಬಿಡುವುದಿಲ್ಲ?

ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುತ್ತದೆ. ಸೊಂಟದ ತನಕ ಬರುವ 60 ಸೆಂಟಿಮೀಟರ್ ಜಡೆಯ ತುದಿಗೆ ಐದು ವರ್ಷ ವಯಸ್ಸಾಗಿರುತ್ತದೆ. ಐದು ವರ್ಷದ ಬಿಸಿಲು, ಬಾಚಣಿಗೆ, ಶಾಂಪೂ, ಬೈರಾಸಿನ ಉಜ್ಜಾಟ ಎಲ್ಲವನ್ನೂ ಆ ತುದಿ ಕಂಡಿದೆ. ಒಂದೇ ಎಳೆಯ ಬುಡ ಹೊಸ ಹೆಂಚಿನ ಮಾಡು, ತುದಿ ಹಳೆಯ ಸೋರುವ ಮಾಡು.

ಬ್ಲೀಚಿಂಗ್, ಗಾಢ ಬಣ್ಣ ಹಚ್ಚುವುದು, ಪಾರ್ಲರಿನ ಸ್ಟ್ರೈಟ್‌ನಿಂಗ್, ಮತ್ತೆ ಮತ್ತೆ ಬಿಸಿ ಇಸ್ತ್ರಿ ಎಳೆಯುವುದು, ಇವೆಲ್ಲ ಹೊರಪದರವನ್ನು ಎಬ್ಬಿಸುತ್ತವೆ. ಮುಖ್ಯವಾಗಿ ಬ್ಲೀಚಿಂಗ್ ಆ ಕೊಬ್ಬಿನ ಲೇಪವನ್ನೇ ಕಿತ್ತುಹಾಕುತ್ತದೆ. ಆಮೇಲೆ ನೀರು ಹನಿಯಾಗಿ ನಿಲ್ಲದೆ ಎಳೆಯ ಉದ್ದಕ್ಕೂ ಹರಡಿಕೊಳ್ಳುತ್ತದೆ. ಒಳಗೂ ಹೆಚ್ಚು ಇಳಿಯುತ್ತದೆ. ಹೆಚ್ಚು ಬ್ಲೀಚ್ ಆದ ಕೂದಲು ತನ್ನ ತೂಕದ ಶೇ. 40ಕ್ಕಿಂತಲೂ ಹೆಚ್ಚು ನೀರು ಹಿಡಿಯಬಹುದು.

ಇಲ್ಲೊಂದು ಗೊಂದಲ ಇದೆ. "ರಂಧ್ರ ಹೆಚ್ಚಿರುವ ಕೂದಲು ಬೇಗ ಒದ್ದೆಯಾಗಿ ಬೇಗ ಒಣಗುತ್ತದೆ" ಎಂಬ ಮಾತು ಸಾಮಾಜಿಕ ಜಾಲತಾಣಗಳ ವಿಡಿಯೋಗಳಲ್ಲಿ ಓಡಾಡುತ್ತಿದೆ. ಹೊರಪದರ ತೆರೆದಿದ್ದರೆ ನೀರು ಬೇಗ ಒಳಗೆ ಹೋಗುವುದು ಹೌದು, ಬೇಗ ಹೊರಬರುವುದೂ ಹೌದು. ಆದರೆ ಹೊರಹೋಗಬೇಕಾದ ನೀರಿನ ಪ್ರಮಾಣವೇ ಹೆಚ್ಚಿದಾಗ ಒಟ್ಟು ಹೊತ್ತು ಉಳಿಯುವುದಿಲ್ಲ. ಒಣ ಗಾಳಿಯ ಊರಲ್ಲಿ ಅದು ಬೇಗ ಒಣಗಿ ಹುಲ್ಲಿನಂತಾಗುತ್ತದೆ. ತೇವದ ಊರಲ್ಲಿ ಹಿಡಿದ ನೀರನ್ನು ಬಿಡದೆ ಜಡವಾಗಿ ತೂಗುತ್ತದೆ. ಹೊರಗಿನ ಗಾಳಿಯನ್ನು ಬಿಟ್ಟು ಕೂದಲಿನ ಗುಣವೊಂದನ್ನೇ ನೋಡಿದರೆ ಉತ್ತರ ತಪ್ಪುತ್ತದೆ.

ಗಡಸು ನೀರಿನ ವಿಷಯವೂ ಸೇರಿಸಬೇಕು. ಬೋರ್‌ವೆಲ್ ನೀರಿನ ಸುಣ್ಣದಂಶ ಸೋಪಿನ ಜೊತೆ ಸೇರಿ ಅಂಟು ಕೆಸರಾಗಿ ಕೂದಲ ಮೇಲೆ ಕೂರುತ್ತದೆ. ಮೈ ಒರಟಾಗುತ್ತದೆ, ಸಿಕ್ಕು ಹೆಚ್ಚುತ್ತದೆ, ಸಿಕ್ಕಿನ ಗಂಟಲ್ಲಿ ನೀರು ಉಳಿಯುತ್ತದೆ. ಬಟ್ಟೆ ಸೋಪು, ಮೈ ಸೋಪು ತಲೆಗೆ ಹಚ್ಚುವ ಅಭ್ಯಾಸ ಇರುವವರಿಗೆ ಈ ತೊಂದರೆ ಹೆಚ್ಚು.

ಗಾಳಿಯ ಲೆಕ್ಕ: ಬಯಲುಸೀಮೆ ಮತ್ತು ವಾಸ್ಕೋ

ಗಾಳಿ ಎಷ್ಟು ನೀರಾವಿ ಹಿಡಿಯಬಲ್ಲದು ಎಂಬುದು ಅದರ ಬಿಸಿಯನ್ನು ಅವಲಂಬಿಸಿದೆ. ಅದರಲ್ಲಿ ಈಗಾಗಲೇ ಎಷ್ಟು ತುಂಬಿದೆ ಎಂಬುದೇ ತೇವಾಂಶದ ಶೇಕಡಾವಾರು. ಉಳಿದ ಜಾಗ ಎಷ್ಟೋ, ಒಣಗುವ ವೇಗ ಅಷ್ಟು. ಒಂದು ಘನ ಮೀಟರ್ ಗಾಳಿಯ ಲೆಕ್ಕ ಹೀಗೆ ಬರುತ್ತದೆ:

- ಬಯಲುಸೀಮೆಯ ಬೇಸಿಗೆ ಮಧ್ಯಾಹ್ನ, 38 ಡಿಗ್ರಿ, ತೇವಾಂಶ ಶೇ. 25 ಇದ್ದರೆ: ಇನ್ನೂ ಸುಮಾರು 35 ಗ್ರಾಂ ನೀರಿಗೆ ಜಾಗ ಇದೆ.
- ಕರಾವಳಿಯ ಡಿಸೆಂಬರ್ ಮಧ್ಯಾಹ್ನ, 32 ಡಿಗ್ರಿ, ತೇವಾಂಶ ಶೇ. 50 ಇದ್ದರೆ: ಸುಮಾರು 17 ಗ್ರಾಂ.
- ಕರಾವಳಿಯ ಜುಲೈ, 27 ಡಿಗ್ರಿ, ತೇವಾಂಶ ಶೇ. 90 ಇದ್ದರೆ: ಬರೀ 2.6 ಗ್ರಾಂ.

ಅಂದರೆ ಬಯಲುಸೀಮೆಯ ಬೇಸಿಗೆಯ ಗಾಳಿಗೆ ಇರುವ ಹಸಿವಿನ ಹದಿಮೂರರಲ್ಲಿ ಒಂದು ಪಾಲು ಮಾತ್ರ ವಾಸ್ಕೋದ ಮಳೆಗಾಲದ ಗಾಳಿಗೆ ಇರುತ್ತದೆ. ಊರಲ್ಲಿ ಅರ್ಧ ಗಂಟೆ, ಇಲ್ಲಿ ಇಡೀ ದಿನ ಎಂಬ ಮಾತು ಉತ್ಪ್ರೇಕ್ಷೆಯಲ್ಲ.

ಮನೆಯೊಳಗಿನ ಲೆಕ್ಕ ಇನ್ನೂ ಕಷ್ಟ. ಹತ್ತಡಿ ಉದ್ದ, ಹತ್ತಡಿ ಅಗಲ, ಒಂಬತ್ತಡಿ ಎತ್ತರದ ಕೋಣೆಯಲ್ಲಿ ಸುಮಾರು 25 ಘನ ಮೀಟರ್ ಗಾಳಿ ಇರುತ್ತದೆ. ಜುಲೈಯಲ್ಲಿ ಕಿಟಕಿ ಬಾಗಿಲು ಮುಚ್ಚಿದರೆ ಆ ಕೋಣೆಯ ಗಾಳಿ ಒಟ್ಟು 65 ಗ್ರಾಂ ನೀರು ಕುಡಿದು ಸಾಕಪ್ಪಾ ಅನ್ನುತ್ತದೆ. ಒಬ್ಬರ ಕೂದಲಲ್ಲೇ ಅದಕ್ಕಿಂತ ಹೆಚ್ಚು ನೀರಿದೆ. ಅದೇ ಕೋಣೆಯಲ್ಲಿ ಹಗ್ಗ ಕಟ್ಟಿ ಮಕ್ಕಳ ಯೂನಿಫಾರ್ಮ್ ಒಣಹಾಕಿದ್ದರೆ, ಪಕ್ಕದಲ್ಲೇ ಅನ್ನ ಬೇಯುತ್ತಿದ್ದರೆ ಕೂದಲಿಗೆ ಪಾಲೇ ಸಿಗುವುದಿಲ್ಲ. ಒಂದೇ ಕೋಣೆಯ ಬಾಡಿಗೆ ಮನೆಗಳಲ್ಲಿ ಇರುವವರ ಸಮಸ್ಯೆ ಇದೇ. ಕೂದಲು ಸರಿಯಿಲ್ಲ ಅಂತ ಹೊಸ ಶಾಂಪೂ ಕೊಳ್ಳುವ ಮೊದಲು ಎದುರುಬದುರಿನ ಎರಡು ಕಿಟಕಿ ತೆರೆಯುವುದು ಹೆಚ್ಚು ಪ್ರಯೋಜನದ ಕೆಲಸ.

ಹೊತ್ತೂ ಮುಖ್ಯ. ದಿನದಲ್ಲಿ ತೇವಾಂಶ ಅತಿ ಹೆಚ್ಚಿರುವುದು ಬೆಳಗಿನ ಜಾವದಲ್ಲಿ, ಕಡಿಮೆ ಇರುವುದು ಮಧ್ಯಾಹ್ನದ ಹೊತ್ತಿಗೆ. ಹತ್ತು ಗಂಟೆಯ ನಂತರ ತಲೆಸ್ನಾನ ಮಾಡಿದರೆ ಸೂರ್ಯೋದಯಕ್ಕೆ ಮುಂಚೆ ಮಾಡಿದ್ದಕ್ಕಿಂತ ಬೇಗ ಒಣಗುತ್ತದೆ.

"ಪೂರ್ತಿ ಒಣಗುವುದು" ಅಂದರೆ ಏನು?

ಕೂದಲು ಯಾವತ್ತೂ ಪೂರ್ತಿ ಒಣಗಿರುವುದಿಲ್ಲ. ಸುತ್ತಲಿನ ಗಾಳಿಗೆ ತಕ್ಕಂತೆ ಒಳಗೆ ಒಂದಷ್ಟು ನೀರು ಇದ್ದೇ ಇರುತ್ತದೆ. ಗಾಳಿಯ ತೇವಾಂಶ ಶೇ. 65 ಇದ್ದರೆ ಕೂದಲಲ್ಲಿ ಅದರ ತೂಕದ ಸುಮಾರು ಶೇ. 15ರಷ್ಟು ನೀರಿರುತ್ತದೆ. ತೇವಾಂಶ ಶೇ. 90 ದಾಟಿದರೆ ಅದು ಶೇ. 22ಕ್ಕೂ ಮೇಲೇರುತ್ತದೆ. ಅಂದರೆ ಜುಲೈಯಲ್ಲಿ ಮೂರು ದಿನ ತಲೆಗೆ ನೀರು ತಾಗಿಸದಿದ್ದರೂ ಕೂದಲು ಮೆತ್ತಗೆ, ತಣ್ಣಗೆ ಅನ್ನಿಸುವುದು ಸಹಜ. ಅದನ್ನು ಒದ್ದೆ ಅಂತ ತಿಳಿದು ಗಂಟೆಗಟ್ಟಲೆ ಬಿಸಿಗಾಳಿ ಹಿಡಿದರೆ ಹಾನಿಯೇ ಹೊರತು ಲಾಭ ಇಲ್ಲ.

ಕೂದಲಿನ ಈ ಗುಣವನ್ನೇ ಬಳಸಿ ಹವಾಮಾನ ಅಳೆಯುವ ಸಾಧನ ಮಾಡಿದ್ದರು. ಸ್ವಿಟ್ಜರ್ಲೆಂಡಿನ ವಿಜ್ಞಾನಿ ಒರಾಸ್ ಬೆನೆಡಿಕ್ಟ್ ದ ಸೊಸ್ಸೂರ್ 1783ರಲ್ಲಿ ಮನುಷ್ಯರ ಕೂದಲಿನಿಂದ ತೇವಮಾಪಕ ರೂಪಿಸಿ ಅದರ ಬಗ್ಗೆ ಪುಸ್ತಕ ಪ್ರಕಟಿಸಿದರು. ಒಣ ಗಾಳಿಯಿಂದ ತುಂಬು ತೇವದ ಗಾಳಿಗೆ ಬಂದಾಗ ಕೂದಲು ಶೇ. 2ಕ್ಕಿಂತ ತುಸು ಹೆಚ್ಚು ಉದ್ದವಾಗುತ್ತದೆ. ಆ ಸಣ್ಣ ವ್ಯತ್ಯಾಸ ಮುಳ್ಳನ್ನು ತಿರುಗಿಸುತ್ತದೆ. ಹವಾಮಾನ ಕೇಂದ್ರಗಳಲ್ಲಿ ಕೂದಲಿನ ತೇವಮಾಪಕ ಬಹಳ ಕಾಲ ಬಳಕೆಯಲ್ಲಿತ್ತು.

ಒಣಗಿದೆಯೇ ಎಂದು ನೋಡಲು ಸುಲಭದ ದಾರಿ: ಕುತ್ತಿಗೆಯ ಹಿಂದಿನ ಬುಡಕ್ಕೆ ಬೆರಳು ಇಟ್ಟು ನೋಡಿ. ಆವಿಯಾಗುತ್ತಿರುವ ನೀರು ತಂಪು ಮಾಡುತ್ತದೆ. ತಣ್ಣಗಿದ್ದರೆ ಇನ್ನೂ ನೀರಿದೆ. ಮೈಯ ಬಿಸಿ ತಾಗಿದರೆ ಬುಡ ಒಣಗಿದೆ. ಬುಡ ಒಣಗಿದ್ದರೆ ತುದಿ ಸ್ವಲ್ಪ ತೇವ ಇದ್ದರೂ ಚಿಂತೆಯಿಲ್ಲ.

ಒದ್ದೆ ತಲೆಗೆ ಸ್ಕಾರ್ಫ್, ಹೆಲ್ಮೆಟ್: ಏನು ತೊಂದರೆ?

ಸ್ಕಾರ್ಫ್ ಅಥವಾ ಹೆಲ್ಮೆಟ್ ಕೂದಲನ್ನು ಕೆಡಿಸುವುದಿಲ್ಲ. ಬಿಸಿಲು, ಧೂಳಿನಿಂದ ಕಾಪಾಡುವುದೂ ಉಂಟು. ತೊಂದರೆ ಬರುವುದು ಒದ್ದೆ ಬುಡವನ್ನು ಗಾಳಿಯಾಡದಂತೆ ಗಂಟೆಗಟ್ಟಲೆ ಮುಚ್ಚಿಟ್ಟಾಗ. ಬೆಚ್ಚಗಿನ ತೇವ ಶಿಲೀಂಧ್ರಗಳಿಗೆ ಇಷ್ಟದ ಜಾಗ.

ತಲೆಹೊಟ್ಟಿಗೆ ಸಂಬಂಧಿಸಿದ ಮಲಸ್ಸೀಝಿಯಾ ಎಂಬ ಶಿಲೀಂಧ್ರ ಎಲ್ಲರ ತಲೆಯ ಮೇಲೂ ಇರುತ್ತದೆ. ಚರ್ಮದ ಎಣ್ಣೆಯಂಶವೇ ಅದರ ಆಹಾರ. ಎಣ್ಣೆ ಹಚ್ಚಿ, ಅರ್ಧ ತೊಳೆದು, ಒದ್ದೆಯಲ್ಲೇ ತುರುಬು ಕಟ್ಟಿದರೆ ಹೊಟ್ಟು, ತುರಿಕೆ ಇರುವವರಿಗೆ ಅದು ಹೆಚ್ಚುತ್ತದೆ. ಮುಗ್ಗಲು ವಾಸನೆಯೂ ಬರುತ್ತದೆ.

ಇನ್ನೊಂದು ಬಿಳಿ ಪಿಯೆಡ್ರಾ. ಟ್ರೈಕೋಸ್ಪೊರಾನ್ ಎಂಬ ಶಿಲೀಂಧ್ರ ಕೂದಲ ಎಳೆಯ ಸುತ್ತ ಬಿಳಿಚಾದ ಮೆತ್ತಗಿನ ಸಣ್ಣ ಗಂಟುಗಳನ್ನು ಕಟ್ಟುತ್ತದೆ. ಉದ್ದ ಕೂದಲು, ಒದ್ದೆಯಲ್ಲೇ ಕಟ್ಟುವ ಮತ್ತು ಮುಚ್ಚುವ ಅಭ್ಯಾಸ, ತೇವದ ಹವೆ ಮೂರೂ ಸೇರಿದಲ್ಲಿ ಇದು ಕಾಣಿಸಿಕೊಳ್ಳುವುದುಂಟು. ಎಷ್ಟೋ ತಾಯಂದಿರು ಇದನ್ನು ಹೇನಿನ ಮೊಟ್ಟೆ ಅಂತ ತಿಳಿದು ಹೇನಿನ ಔಷಧ ಹಚ್ಚುತ್ತಾರೆ. ವ್ಯತ್ಯಾಸ ಹೀಗೆ: ಹೇನಿನ ಮೊಟ್ಟೆ ಬುಡದ ಹತ್ತಿರ ಎಳೆಯ ಒಂದು ಬದಿಗೆ ಗಟ್ಟಿಯಾಗಿ ಅಂಟಿರುತ್ತದೆ. ಪಿಯೆಡ್ರಾ ಗಂಟು ಎಳೆಯ ಸುತ್ತ ಬೆಳೆದಿದ್ದು, ಬೆರಳಿಂದ ಎಳೆದರೆ ಜಾರಿ ಬರುತ್ತದೆ. ಒಂದೇ ಬಾಚಣಿಗೆ, ಒಂದೇ ದಿಂಬು ಹಂಚಿಕೊಳ್ಳುವುದನ್ನು ನಿಲ್ಲಿಸುವುದು ಎರಡಕ್ಕೂ ಒಳ್ಳೆಯದು.

ಮೂರನೆಯದು ಕೂದಲಿನದೇ ಕಷ್ಟ. ಒದ್ದೆ ಕೂದಲು ಒಣ ಕೂದಲಿಗಿಂತ ದುರ್ಬಲ, ಹೆಚ್ಚು ಹಿಗ್ಗುತ್ತದೆ. ಒದ್ದೆಯಲ್ಲೇ ಬಿಗಿಯಾಗಿ ಜಡೆ ಹಾಕಿದರೆ ಹಣೆಯ ಅಂಚಿನ, ಕಿವಿಯ ಮೇಲಿನ ಕೂದಲು ಎಳೆದು ಕಿತ್ತು ಬರುತ್ತದೆ.

ಬೇಗ ಒಣಗಿಸಲು ಏನು ಮಾಡಬಹುದು?

*ಒರೆಸುವುದು:* ಹೆಚ್ಚು ಹೊತ್ತು ಉಳಿಸುವ ಕೆಲಸ ಇದೇ. ಮೊದಲು ಕೈಯಿಂದ ಮೇಲಿಂದ ಕೆಳಗೆ ಹಿಂಡಿ. ತೆಳು ಹತ್ತಿ ಬೈರಾಸು ಅಥವಾ ಹಳೆಯ ಹತ್ತಿ ಬನಿಯನ್ ಸುತ್ತಿ ಒತ್ತಿ ಹಿಡಿಯಿರಿ. ಒದ್ದೆಯಾದ ಕೂಡಲೇ ಇನ್ನೊಂದು ಒಣ ಬೈರಾಸು ತೆಗೆದುಕೊಳ್ಳಿ. ಒಂದೇ ಒದ್ದೆ ಟವೆಲನ್ನು ಅರ್ಧ ಗಂಟೆ ತಲೆಗೆ ಸುತ್ತಿಟ್ಟರೆ ಅದು ಮುಚ್ಚಳದ ಕೆಲಸ ಮಾಡುತ್ತದೆ. ಒರಟು ಟರ್ಕಿ ಟವೆಲಿನಿಂದ ತಿಕ್ಕಬೇಡಿ, ಹೆಂಚು ಎದ್ದುಬರುತ್ತದೆ. ಬೈರಾಸಿನಿಂದ ಕೂದಲನ್ನು ಬಡಿದು ಒಣಗಿಸುವ ಹಳೆಯ ರೂಢಿ ತುದಿ ಕವಲೊಡೆಯುವುದನ್ನು ಹೆಚ್ಚಿಸುತ್ತದೆ.

*ಸ್ನಾನಕ್ಕೆ ಮುಂಚಿನ ತೆಂಗಿನೆಣ್ಣೆ:* ಕರಾವಳಿಯ ಈ ಹಳೆಯ ಪದ್ಧತಿಗೆ ಪ್ರಯೋಗಾಲಯದ ಬೆಂಬಲವೂ ಇದೆ. ಭಾರತೀಯ ಸಂಶೋಧಕರಾದ ರೆಲೆ ಮತ್ತು ಮೊಹಿಲೆ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ತೆಂಗಿನೆಣ್ಣೆ, ಸೂರ್ಯಕಾಂತಿ ಎಣ್ಣೆ, ಖನಿಜ ತೈಲ ಮೂರನ್ನೂ ಹೋಲಿಸಿದ್ದರು. ತೊಳೆದಾಗ ಕೂದಲಿನ ಪ್ರೋಟೀನ್ ನಷ್ಟವನ್ನು ಗಣನೀಯವಾಗಿ ಕಡಿಮೆ ಮಾಡಿದ್ದು ತೆಂಗಿನೆಣ್ಣೆ ಮಾತ್ರ. ಅದರ ಲಾರಿಕ್ ಆಮ್ಲದ ಕಣ ಸಣ್ಣದು, ನೇರವಾದದ್ದು. ಹಾಗಾಗಿ ಎಳೆಯ ಒಳಗೆ ಇಳಿಯಬಲ್ಲದು. ಎಣ್ಣೆ ಕೂತ ಜಾಗದಲ್ಲಿ ನೀರಿಗೆ ಜಾಗ ಕಡಿಮೆ. ಒಂದೆರಡು ಚಮಚ ಸಾಕು. ಹೆಚ್ಚು ಸುರಿದರೆ ತೊಳೆಯಲು ಹೆಚ್ಚು ಶಾಂಪೂ ಬೇಕು. ತಲೆಹೊಟ್ಟು ಇರುವವರು ಬುಡ ಬಿಟ್ಟು ಉದ್ದಕ್ಕೆ ಮಾತ್ರ ಹಚ್ಚುವುದು ಒಳ್ಳೆಯದು.

*ಕಂಡೀಷನರ್:* ಹಾನಿಯಾದ ಜಾಗದಲ್ಲಿ ಕೂದಲಿಗೆ ಋಣ ವಿದ್ಯುದಂಶ ಇರುತ್ತದೆ. ಕಂಡೀಷನರಿನ ಧನ ವಿದ್ಯುದಂಶದ ಕಣಗಳು ಅಲ್ಲಿಗೇ ಹೋಗಿ ಅಂಟುತ್ತವೆ. ಕಳೆದುಹೋದ ಕೊಬ್ಬಿನ ಲೇಪಕ್ಕೆ ಇದು ತಾತ್ಕಾಲಿಕ ಬದಲಿ. ಎಳೆಗಳು ಬಿಡಿಬಿಡಿಯಾಗಿ ಗಾಳಿ ಆಡುತ್ತದೆ. ದಾಸವಾಳದ ಸೊಪ್ಪಿನ ಲೋಳೆಯೂ ಸಿಕ್ಕು ಬಿಡಿಸಲು ಸಹಾಯ ಮಾಡುತ್ತದೆ. ಆದರೆ ಚೆನ್ನಾಗಿ ತೊಳೆಯದಿದ್ದರೆ ಅದೇ ನೀರು ಹಿಡಿದಿಟ್ಟುಕೊಳ್ಳುತ್ತದೆ.

*ಫ್ಯಾನ್:* ಕೂದಲ ಸುತ್ತ ತೇವ ತುಂಬಿದ ಗಾಳಿಯ ಪದರ ನಿಂತುಬಿಡುತ್ತದೆ. ಫ್ಯಾನ್ ಅದನ್ನು ಸರಿಸುತ್ತದೆ. ಕಿಟಕಿ ತೆರೆದಿಟ್ಟು, ಫ್ಯಾನಿಗೆ ಬೆನ್ನು ಹಾಕಿ, ಕೂದಲನ್ನು ನಾಲ್ಕೈದು ಭಾಗ ಮಾಡಿ ಬೆರಳಿಂದ ಬಿಡಿಸುತ್ತಾ ಕೂರಿ. ಬಾಚುವುದಿದ್ದರೆ ಅಗಲ ಹಲ್ಲಿನ ಬಾಚಣಿಗೆಯಿಂದ, ತುದಿಯಿಂದ ಆರಂಭಿಸಿ ಬುಡಕ್ಕೆ ಬನ್ನಿ.

*ಹೇರ್ ಡ್ರೈಯರ್:* 27 ಡಿಗ್ರಿಯ, ಶೇ. 90 ತೇವದ ಗಾಳಿಯನ್ನು 47 ಡಿಗ್ರಿಗೆ ಬಿಸಿ ಮಾಡಿದರೆ ಅದರ ತೇವಾಂಶ ಶೇ. 30ಕ್ಕೆ ಇಳಿಯುತ್ತದೆ. ಮಳೆಗಾಲದಲ್ಲಿ ಡ್ರೈಯರ್ ಕೆಲಸ ಮಾಡುವ ಗುಟ್ಟು ಇದು. 100 ಗ್ರಾಂ ನೀರು ಆವಿಯಾಗಲು ಬೇಕಾದ ಶಾಖವನ್ನು 1200 ವಾಟ್ ಯಂತ್ರ ಮೂರೂವರೆ ನಿಮಿಷದಲ್ಲಿ ಕೊಡಬಲ್ಲದು. ಆದರೆ ಹೆಚ್ಚಿನ ಶಾಖ ಗಾಳಿಗೆ ಹೋಗುವುದರಿಂದ ನಿಜದಲ್ಲಿ ಅದರ ಹಲವು ಪಟ್ಟು ಹೊತ್ತು ಬೇಕು. ದಕ್ಷಿಣ ಕೊರಿಯಾದ ಸಂಶೋಧಕರು 2011ರಲ್ಲಿ ಪ್ರಕಟಿಸಿದ ಅಧ್ಯಯನ ಇಲ್ಲಿ ಗಮನಾರ್ಹ. ಬಿಸಿ ಹೆಚ್ಚಿದಷ್ಟೂ ಕೂದಲ ಹೊರಮೈಗೆ ಹಾನಿ ಹೆಚ್ಚು ಎಂಬುದು ಅದರಲ್ಲಿ ಕಂಡಿತು. ಆದರೆ ತಾನಾಗಿ ನಿಧಾನ ಒಣಗಿದ ಕೂದಲಲ್ಲಿ ಜೀವಕೋಶಗಳನ್ನು ಬೆಸೆಯುವ ಒಳಪದರಕ್ಕೆ ಹಾನಿ ಕಂಡುಬಂತು. ಹೆಚ್ಚು ಹೊತ್ತು ನೀರಲ್ಲಿ ಉಬ್ಬಿಕೊಂಡಿರುವುದೂ ಕೂದಲಿಗೆ ಒಳ್ಳೆಯದಲ್ಲ ಎಂಬುದು ಇದರ ಸೂಚನೆ. 15 ಸೆಂಟಿಮೀಟರ್ ದೂರದಿಂದ, ಒಂದೇ ಕಡೆ ನಿಲ್ಲಿಸದೆ ಆಡಿಸುತ್ತಾ ಗಾಳಿ ಹಿಡಿದದ್ದು ಕಡಿಮೆ ಹಾನಿ ಮಾಡಿತು. ಹಾಗಾಗಿ ಮೊದಲು ಚೆನ್ನಾಗಿ ಒರೆಸಿ, ಆಮೇಲೆ ಒಂದು ಗೇಣಿನಷ್ಟು ದೂರದಿಂದ ಬುಡಕ್ಕೆ ಮಾತ್ರ ಡ್ರೈಯರ್ ಹಿಡಿದು, ಉದ್ದವನ್ನು ಫ್ಯಾನಿಗೆ ಬಿಡುವುದು ಒಳ್ಳೆಯ ಹೊಂದಾಣಿಕೆ. ಬಚ್ಚಲಲ್ಲಿ, ಒದ್ದೆ ಕೈಯಲ್ಲಿ, ಒದ್ದೆ ನೆಲದ ಮೇಲೆ ನಿಂತು ಇದನ್ನು ಬಳಸಲೇಬಾರದು.

*ಕೆಂಡ ಮತ್ತು ಧೂಪ:* ಬಾಣಂತಿ ಮತ್ತು ಮಗುವಿನ ತಲೆ ಒಣಗಿಸಲು ಕೆಂಡದ ಮೇಲೆ ಸಾಂಬ್ರಾಣಿ, ಲೋಬಾನ ಹಾಕಿ ಹೊಗೆ ಹಿಡಿಯುವ ಪದ್ಧತಿ ಇದೆ. ಕೂದಲು ಒಣಗುವುದು ಕೆಂಡದ ಬಿಸಿಯಿಂದ, ಹೊಗೆಯಿಂದ ಪರಿಮಳ ಮಾತ್ರ. ಮುಚ್ಚಿದ ಕೋಣೆಯಲ್ಲಿ ಇದು ಅಪಾಯಕಾರಿ. ಇದ್ದಲಿನ ಕೆಂಡದಿಂದ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲ ಬರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಧೂಪದ ಪರಿಮಳದಲ್ಲಿ ಗೊತ್ತೇ ಆಗುವುದಿಲ್ಲ. ತಲೆಸುತ್ತು, ವಾಕರಿಕೆಯಿಂದ ಆರಂಭವಾಗಿ ಪ್ರಾಣಕ್ಕೇ ಸಂಚಕಾರ ತರಬಹುದು. ಹಸುಗೂಸಿನ ಶ್ವಾಸಕೋಶಕ್ಕೆ ಹೊಗೆಯೇ ಹಾನಿ. ಮಗುವಿನ ತಲೆಯನ್ನು ಮೆತ್ತನೆಯ ಬಟ್ಟೆಯಿಂದ ಒತ್ತಿ ಒರೆಸಿದರೆ ಸಾಕು.

ಬೆಳಿಗ್ಗೆ ಬೇಗ ಹೊರಡಲೇಬೇಕಾದವರಿಗೆ

ಶಾಲೆ, ಕೆಲಸ ಇರುವವರು ತಲೆಸ್ನಾನವನ್ನು ರಜಾದಿನದ ಮಧ್ಯಾಹ್ನಕ್ಕೆ ಅಥವಾ ಸಂಜೆ ಮನೆಗೆ ಬಂದ ಕೂಡಲೇ ಇಟ್ಟುಕೊಳ್ಳಬಹುದು. ಮಲಗುವ ಮೊದಲು ಕನಿಷ್ಠ ಮೂರ್ನಾಲ್ಕು ಗಂಟೆ ಸಿಗಬೇಕು. ಬೆಳಗಿನ ಜಾವವೇ ಸ್ನಾನ ಅನಿವಾರ್ಯವಾದ ದಿನಗಳಲ್ಲಿ ಎರಡು ಒಣ ಬೈರಾಸು, ಬುಡಕ್ಕೆ ಐದು ನಿಮಿಷ ಡ್ರೈಯರ್, ಸಡಿಲವಾದ ಒಂದೇ ಜಡೆ, ಮೇಲೆ ತೆಳು ಹತ್ತಿಯ ಸ್ಕಾರ್ಫ್ ಎಂಬ ಕ್ರಮ ಪಾಲಿಸಿ. ದಪ್ಪ ಸಿಂಥೆಟಿಕ್ ಬಟ್ಟೆ ತೇವವನ್ನು ಹೊರಬಿಡುವುದಿಲ್ಲ. ಒಳಗೆ ಹಾಕುವ ಟೋಪಿ ಒದ್ದೆಯಾದರೆ ಬದಲಿಸಲು ಇನ್ನೊಂದು ಚೀಲದಲ್ಲಿರಲಿ. ಹೆಲ್ಮೆಟಿನ ಒಳಪದರವನ್ನು ಆಗಾಗ ತೊಳೆದು ಒಣಗಿಸಿ.

ನಂಬಿಕೆ ಮತ್ತು ನಿಜ

- *ಒದ್ದೆ ತಲೆಯಿಂದ ಶೀತ ಬರುತ್ತದೆ:* ಶೀತ ಬರುವುದು ವೈರಸ್‌ನಿಂದ. ಒದ್ದೆ ತಲೆ ಚಳಿ ಹಿಡಿಸುತ್ತದೆ, ಅದು ಆವಿಯಾಗುವ ನೀರಿನ ತಂಪು.
- *ಲೋಟದ ನೀರಿಗೆ ಕೂದಲು ಹಾಕಿ, ಮುಳುಗಿದರೆ ಹಾಳಾಗಿದೆ:* ಇದನ್ನು ನಂಬುವಂತಿಲ್ಲ. ಎಣ್ಣೆ, ಕಂಡೀಷನರ್, ನೀರಿನ ಮೇಲ್ಮೈಯ ಬಿಗಿತ ಎಲ್ಲವೂ ಫಲಿತಾಂಶ ಬದಲಿಸುತ್ತವೆ. ತೊಳೆದು ಒಣಗಿದ ಕೂದಲ ಮೇಲೆ ಒಂದು ಹನಿ ನೀರು ಇಟ್ಟು ನೋಡಿ. ಮುತ್ತಾಗಿ ನಿಂತರೆ ಲೇಪ ಇದೆ, ಕೂಡಲೇ ಹರಡಿದರೆ ಸವೆದಿದೆ. ಬುಡ ಮತ್ತು ತುದಿ ಎರಡರಲ್ಲೂ ನೋಡಿದರೆ ವ್ಯತ್ಯಾಸ ಗೊತ್ತಾಗುತ್ತದೆ.
- *ತುದಿ ಕತ್ತರಿಸಿದರೆ ಬೇಗ ಬೆಳೆಯುತ್ತದೆ:* ಬೆಳವಣಿಗೆ ಬುಡದಲ್ಲಿ ನಡೆಯುತ್ತದೆ, ಕತ್ತರಿಗೂ ಅದಕ್ಕೂ ಸಂಬಂಧವಿಲ್ಲ. ಆದರೆ ಸವೆದ ತುದಿ ಹೋದರೆ ನೀರು ಹಿಡಿಯುವ ಭಾಗವೂ ಹೋಗುತ್ತದೆ. ಹಾಗಾಗಿ ಒಣಗುವುದಂತೂ ಬೇಗ ಆಗುತ್ತದೆ.

ವೈದ್ಯರ ಬಳಿ ಯಾವಾಗ ಹೋಗಬೇಕು?

ಎಳೆಯ ಮೇಲೆ ಬಿಳಿ ಅಥವಾ ಕಪ್ಪು ಗಂಟುಗಳು ಕಂಡರೆ, ಮಕ್ಕಳ ತಲೆಯಲ್ಲಿ ದುಂಡಗೆ ಕೂದಲು ಉದುರಿ ಹೊಟ್ಟು ಎದ್ದರೆ, ಕೀವು ಅಥವಾ ನೋವಿನ ಬಾವು ಇದ್ದರೆ, ತಲೆಹೊಟ್ಟಿನ ಶಾಂಪೂ ಒಂದು ತಿಂಗಳು ಬಳಸಿದರೂ ತುರಿಕೆ ನಿಲ್ಲದಿದ್ದರೆ ಚರ್ಮರೋಗ ತಜ್ಞರನ್ನು ಕಾಣಬೇಕು. ಮಕ್ಕಳ ತಲೆಯ ಹುಳುಕಡ್ಡಿಗೆ ಹಚ್ಚುವ ಮುಲಾಮು ಸಾಲುವುದಿಲ್ಲ, ಮಾತ್ರೆ ಬೇಕಾಗುತ್ತದೆ. ಮೆಡಿಕಲ್ ಅಂಗಡಿಯಲ್ಲಿ ಕೇಳಿ ತಂದ ಸ್ಟೀರಾಯ್ಡ್ ಬೆರೆತ ಮುಲಾಮು ಹಚ್ಚಿದರೆ ತುರಿಕೆ ಎರಡು ದಿನ ತಗ್ಗಿ, ಸೋಂಕು ಒಳಗೊಳಗೇ ಹರಡುತ್ತದೆ. ವಾಸ್ಕೋದವರಿಗೆ ಹತ್ತಿರದಲ್ಲಿ ಚಿಖಲಿಯ ಸರಕಾರಿ ಆಸ್ಪತ್ರೆ ಇದೆ. ಹೆಚ್ಚಿನ ತಪಾಸಣೆಗೆ ಬಾಂಬೋಳಿಯ ಗೋವಾ ವೈದ್ಯಕೀಯ ಕಾಲೇಜು ಆಸ್ಪತ್ರೆ ಇದೆ.

ಕೂದಲಿನ ಒತ್ತು, ದಪ್ಪ, ಸುರುಳಿ ಹುಟ್ಟಿನಿಂದ ಬಂದದ್ದು, ಬದಲಿಸಲಾಗದು. ಊರಿನ ಗಾಳಿಯೂ ನಮ್ಮ ಕೈಯಲ್ಲಿಲ್ಲ. ಒರೆಸುವ ರೀತಿ, ಸ್ನಾನದ ಹೊತ್ತು, ತೆರೆದಿಟ್ಟ ಕಿಟಕಿ, ಕೂದಲ ಮೇಲ್ಮೈಯನ್ನು ಕಾಪಾಡುವುದು ಇಷ್ಟು ಮಾತ್ರ ನಮ್ಮ ಕೈಯಲ್ಲಿದೆ. ಮಳೆಗಾಲದ ಮೂರ್ನಾಲ್ಕು ತಿಂಗಳು ಬುಡ ಒಣಗದೆ ತಲೆ ಮುಚ್ಚುವುದಿಲ್ಲ ಎಂಬ ಒಂದೇ ಒಂದು ನಿಯಮವನ್ನು ಮನೆಯ ಹೆಣ್ಣುಮಕ್ಕಳಿಗೆ ಕಲಿಸಿ, ಅದಕ್ಕೆ ಬೇಕಾದ ಹತ್ತು ನಿಮಿಷವನ್ನೂ ಬಿಟ್ಟುಕೊಟ್ಟರೆ ಅರ್ಧ ತೊಂದರೆ ಅಲ್ಲಿಗೇ ಮುಗಿಯುತ್ತದೆ.